ಗುರುವಾರ ಸರಿ, ಸೋಮವಾರ ತಪ್ಪು

ನಮಸ್ಕಾರ. ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಕೋಡನ್ನು ಇನ್ನೊಂದು ಭಾಷೆಗೆ ತರೋದು ಅಂದರೆ ಸಾಲಿಗೆ ಸಾಲು ಬದಲಾಯಿಸಿದರೆ ಮುಗೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ, ಒಂದೇ ಒಂದು ಚಿಕ್ಕ ಸಾಲು ಕೈಕೊಡುವವರೆಗೆ.

ಅದು ಪೈಥಾನ್‌ನಲ್ಲಿದ್ದ ಕೋಡ್, ಜಾವಾಸ್ಕ್ರಿಪ್ಟ್‌ಗೆ ತರಬೇಕಿತ್ತು. ವಾರದ ದಿನಗಳಿಗೆ 0ಯಿಂದ 6ರವರೆಗೆ ನಂಬರು, ಭಾನುವಾರ ಸೊನ್ನೆ. ಮೂರು ದಿನದ ಹಿಂದೆ ಯಾವ ವಾರ ಅಂತ ತಿಳಿಯಬೇಕು. ಇವತ್ತಿನ ನಂಬರಿನಲ್ಲಿ ಮೂರು ಕಳೆದು, ಏಳರಿಂದ ಭಾಗಿಸಿ, ಶೇಷ ತೆಗೆದರೆ ಆಯ್ತು. ಜಾವಾಸ್ಕ್ರಿಪ್ಟ್‌ನಲ್ಲೂ ಶೇಷಕ್ಕೆ ಅದೇ ಪರ್ಸೆಂಟ್ ಚಿಹ್ನೆ ಇದೆಯಲ್ವಾ, ಹಾಗಾಗಿ ಲೆಕ್ಕವನ್ನು ಇದ್ದ ಹಾಗೇ ಇಟ್ಟೆ. ಗುರುವಾರ ಓಡಿಸಿ ನೋಡಿದೆ. ನಾಲ್ಕರಲ್ಲಿ ಮೂರು ಹೋದರೆ ಒಂದು, ಸೋಮವಾರ. ಸರಿಯಾಗಿತ್ತು. ಮುಂದಿನ ಸೋಮವಾರ ಕೆಟ್ಟಿತು. ಒಂದರಲ್ಲಿ ಮೂರು ಹೋದರೆ ಮೈನಸ್ ಎರಡು. ಪೈಥಾನ್ ಅದರ ಶೇಷ 5 ಅನ್ನುತ್ತದೆ, ಅಂದರೆ ಶುಕ್ರವಾರ. ಜಾವಾಸ್ಕ್ರಿಪ್ಟ್ ಮೈನಸ್ ಎರಡನ್ನೇ ಕೊಡುತ್ತದೆ. ದಿನಗಳ ಹೆಸರಿನ ಪಟ್ಟಿಯಲ್ಲಿ ಅಂಥ ಜಾಗವೇ ಇಲ್ಲ, ಹಾಗಾಗಿ ದಿನದ ಹೆಸರು ಬರಬೇಕಾದ ಕಡೆ ‘ಅನ್‌ಡಿಫೈನ್ಡ್’, ಅಂದರೆ ಇಲ್ಲಿ ಏನೂ ಇಲ್ಲ, ಅಂತ ಬಂತು. ವಾರದಲ್ಲಿ ನಾಲ್ಕು ದಿನ ಸರಿ, ಮೂರು ದಿನ ತಪ್ಪು. ಎರರ್ ಮಾತ್ರ ಒಂದೂ ಇಲ್ಲ!

ಆಗಿದ್ದಿಷ್ಟೇ. ಶೇಷ ತೆಗೆಯಲು ಭಾಗಿಸುವಾಗ ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಸೊನ್ನೆಯ ಕಡೆಗೆ ಹೋಗುತ್ತವೆ. ಮೈನಸ್ ಬರುವವರೆಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಬಂದ ಶೇಷಕ್ಕೆ ಏಳು ಕೂಡಿಸಿ ಮತ್ತೊಮ್ಮೆ ಶೇಷ ತೆಗೆದೆ, ಸರಿಹೋಯಿತು.

ಇಂಥವು ಇನ್ನೂ ಇವೆ. ಎರಡೂವರೆಯನ್ನು ರೌಂಡ್ ಮಾಡಿದರೆ ಪೈಥಾನ್ 3ರಲ್ಲಿ ಎರಡು, ಜಾವಾಸ್ಕ್ರಿಪ್ಟ್‌ನಲ್ಲಿ ಮೂರು. ಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ಬೇಕಾದರೂ ಬೆಳೆಯುತ್ತದೆ, ಜಾವಾದಲ್ಲಿ ಇಂಟ್ ಎಂಬ ಪೂರ್ಣಾಂಕ 2147483647 ದಾಟಿದರೆ ಸುಮ್ನೆ ಮೈನಸ್‌ಗೆ ತಿರುಗುತ್ತದೆ. ಭಾಷೆ ಬೇರೆಯೇ ಆಗಬೇಕೆಂದಿಲ್ಲ: ಪೈಥಾನ್ 2ರಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು, ಪೈಥಾನ್ 3ರಲ್ಲಿ ಮೂರೂವರೆ. ನನಗೆ ಜಾಸ್ತಿ ಭಯ ಹಣದ ಲೆಕ್ಕದ್ದು. ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ದಶಾಂಶವನ್ನು ದಶಾಂಶವಾಗಿಯೇ ಇಟ್ಟು ಬರೆದ ಲೆಕ್ಕವನ್ನು ಜಾವಾಗೆ ತರುವಾಗ ಯಾರಾದರೂ ದಶಾಂಶವನ್ನು ಅಂದಾಜಾಗಿ ಇಡುವ ಡಬಲ್ ಬಳಸಿದರೆ, 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುತ್ತದೆ. ಅಲ್ಲಿ ದಶಾಂಶವನ್ನು ಹಾಗೇ ಇಡುವ ಬಿಗ್‌ಡೆಸಿಮಲ್ಲೇ ಬೇಕು.

ಹಾಗಾಗಿ ನಾನೀಗ ಹೊಸ ಭಾಷೆಯಲ್ಲಿ ಒಂದು ಸಾಲು ಬರೆಯುವ ಮೊದಲೇ ಹಳೆಯ ಪ್ರೋಗ್ರಾಮನ್ನು ಓಡಿಸಿ ಅದರ ಉತ್ತರಗಳನ್ನೆಲ್ಲ ಫೈಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಸೊನ್ನೆ, ಮೈನಸ್, ಖಾಲಿ ಪಟ್ಟಿ, ತುಂಬಾ ದೊಡ್ಡ ಸಂಖ್ಯೆ, ಎಲ್ಲವನ್ನೂ ಕೊಟ್ಟು ನೋಡುತ್ತೇನೆ. ಕೋಡನ್ನು ನಾನೇ ಬದಲಾಯಿಸಲಿ, ಎಐ ಬದಲಾಯಿಸಿ ಕೊಡಲಿ, ಹಳೆಯ ಮತ್ತು ಹೊಸ ಉತ್ತರಗಳ ಎರಡು ಫೈಲೂ ತಾಳೆಯಾಗಬೇಕು.

ಇನ್ನೊಂದು ಮಾತು. ತರುವಾಗಲೇ ಕೋಡನ್ನು ಚೆಂದ ಮಾಡೋಣ ಅಂತ ಕೈ ತುರಿಸುತ್ತದೆ. ದಯವಿಟ್ಟು ಬೇಡ. ಹಳೆಯದರಲ್ಲಿ ತಪ್ಪಿದ್ದರೆ ಆ ತಪ್ಪೂ ಹಾಗೇ ಬರಲಿ, ಆಮೇಲೆ ಬೇರೆಯಾಗಿ ತಿದ್ದಿ. ಇಲ್ಲದಿದ್ದರೆ ಉತ್ತರ ಬದಲಾದಾಗ ಅದು ನೀವು ತಿದ್ದಿದ್ದರಿಂದಲೋ ಭಾಷೆಯಿಂದಲೋ ಗೊತ್ತಾಗುವುದೇ ಇಲ್ಲ. ಟೈಪ್‌ಸ್ಕ್ರಿಪ್ಟ್ ಭಾಷೆಯ ಕೋಡನ್ನು ಜಾವಾಸ್ಕ್ರಿಪ್ಟ್‌ಗೆ ಬದಲಾಯಿಸುವ ಪ್ರೋಗ್ರಾಮನ್ನು, ಅಂದರೆ ಅದರ ಕಂಪೈಲರನ್ನು, ಗೋ ಭಾಷೆಗೆ ತರುತ್ತಿರುವುದಾಗಿ 2025ರಲ್ಲಿ ಹೇಳಿದ ತಂಡವೂ ಹೊಸದಾಗಿ ಬರೆಯಲು ಹೋಗಲಿಲ್ಲ, ಹಳೆಯ ಕೋಡಿನ ರಚನೆಯನ್ನೇ ಉಳಿಸಿಕೊಂಡಿತು.

ಆ ವಾರದ ಲೆಕ್ಕಕ್ಕೆ ಈಗ ಏಳು ಟೆಸ್ಟ್‌ಗಳಿವೆ, ದಿನಕ್ಕೊಂದು. ನಮಸ್ಕಾರ.