ಕಲಬುರಗಿಯ ಬಿಸಿಲಿಗೆ ಒಗ್ಗುವ ಪ್ರೊಸೆಸರ್

ಮಾನ್ಯರೆ,

ಕಂಪ್ಯೂಟರ್ ಕೊಳ್ಳಲು ಹೋದವರು ಇಂಟೆಲ್ ಕಂಪನಿಯ ಪ್ರೊಸೆಸರ್ (ಯಂತ್ರದ ಲೆಕ್ಕವೆಲ್ಲ ನಡೆಸುವ ಮುಖ್ಯ ಚಿಪ್ಪು) ಕುರಿತು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಐ5 ಇದೆಯೋ, ಐ7 ಇದೆಯೋ' ಎಂಬುದು. ಅದಕ್ಕೆ ಸಿಗುವ ಉತ್ತರದಿಂದ ಯಂತ್ರದ ಕಸುವಿನ ಬಗ್ಗೆ ತಿಳಿಯುವುದು ತೀರ ಕಡಿಮೆ. ಇದಕ್ಕೆ ನಾನೇ ಸಾಕ್ಷಿ. ಹಳೆಯ ಕಂಪ್ಯೂಟರ್ ಮಾರುವವರೊಬ್ಬರಿಂದ 'ಐ7' ಚೀಟಿ ಅಂಟಿಸಿದ್ದ ಯಂತ್ರವೊಂದನ್ನು, ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ಮನೆಗೆ ತಂದಿದ್ದೆ. ಒಳಗಿದ್ದದ್ದು ಐ7-4770, ಅಂದರೆ 2013ರಲ್ಲಿ ಬಂದ ನಾಲ್ಕನೇ ಪೀಳಿಗೆಯದು. ಅದನ್ನು 2022ರ ಐ3-12100ರ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ನಾಲ್ಕು ಕೋರ್ (ಚಿಪ್ಪಿನೊಳಗೆ ಬೇರೆ ಬೇರೆಯಾಗಿ ದುಡಿಯುವ ಘಟಕಗಳು), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು). ಮೂಲ ವೇಗ ಒಂದರದು 3.4 ಗಿಗಾಹರ್ಟ್ಸ್, ಇನ್ನೊಂದರದು 3.3. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ಗಿಗಾಹರ್ಟ್ಸ್ ಎಂಬುದು ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕವೇ ಹೊರತು, ಒಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬ ಲೆಕ್ಕವಲ್ಲ. ಆ ಎರಡನೇ ಲೆಕ್ಕದಲ್ಲಿ ಹೊಸ ಐ3 ಹಳೆಯ ಐ7ನ್ನು ಬಹಳ ಹಿಂದೆ ಬಿಡುತ್ತದೆ. ಮೇಲಾಗಿ ಹಳೆಯದರ ವಿದ್ಯುತ್ ಬಾಬ್ತು (ಸತತ ಕೆಲಸದಲ್ಲಿ ಚಿಪ್ಪು ಉರಿಸುವ ವಿದ್ಯುತ್ತಿನ ಅಂದಾಜು) 84 ವ್ಯಾಟ್, ಹೊಸದರದು 60. ವಿಂಡೋಸ್ 11 ಕೂಡ ಇಂಟೆಲ್‌ನ ನಾಲ್ಕನೇ ಪೀಳಿಗೆಯನ್ನು ಅಧಿಕೃತವಾಗಿ ಒಪ್ಪುವುದಿಲ್ಲ.

ಕೋರ್‌ಗಳ ಸಂಖ್ಯೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ನಮ್ಮ ಗಂಜ್‌ಗೆ (ಧಾನ್ಯದ ಸಗಟು ಮಾರುಕಟ್ಟೆಗೆ) ತೊಗರಿಯ ಲಾರಿ ಬಂದಾಗ ಎಂಟು ಹಮಾಲರಿದ್ದರೆ ಚೀಲಗಳು ಬೇಗ ಇಳಿಯುತ್ತವೆ. ಆದರೆ ಇರುವುದು ಒಂದೇ ತಕ್ಕಡಿಯಾದರೆ ಅದರ ಮುಂದೆ ಎಂಟು ಮಂದಿಯೂ ಸರದಿಯಲ್ಲಿ ನಿಲ್ಲಬೇಕು. ಮದುವೆಯ ವಿಡಿಯೊವನ್ನು ಸಿದ್ಧ ಫೈಲ್ ಆಗಿ ಹೊರತೆಗೆಯುವುದು ಚೀಲ ಇಳಿಸುವ ಕೆಲಸ, ಅಲ್ಲಿ ಕೋರ್ ಹೆಚ್ಚಿದಷ್ಟೂ ಲಾಭ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಅಂಗಡಿಯ ಲೆಕ್ಕ ಬರೆಯುವುದು ಹೆಚ್ಚುಕಡಿಮೆ ತಕ್ಕಡಿಯ ಕೆಲಸಗಳು. ಅಲ್ಲಿ ಒಂದು ಕೋರ್ ಚುರುಕಾಗಿದ್ದರೆ ಸಾಕು.

ಇನ್ನು, ಊರಿನ ಬಿಸಿಲು. ಪ್ರೊಸೆಸರ್ ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಕೂಲರ್ ಕೋಣೆಯ ಗಾಳಿಗೆ ದಾಟಿಸುತ್ತದೆ. (ಕಲಬುರಗಿಯಲ್ಲಿ ಕೂಲರ್ ಎಂದರೆ ಕಿಟಕಿಯಲ್ಲಿ ಗರಗರ ತಿರುಗುವ ನೀರಿನ ಪೆಟ್ಟಿಗೆ, ನಾನು ಹೇಳುತ್ತಿರುವುದು ಚಿಪ್ಪಿನ ಮೇಲೆ ಕೂರುವ ಫ್ಯಾನು. ಆ ಪೆಟ್ಟಿಗೆಯ ತೇವದ ಗಾಳಿಗೆ ನೇರವಾಗಿ ಕಂಪ್ಯೂಟರ್ ಇಡಬೇಡಿ.) ಪ್ರತಿ ವ್ಯಾಟ್‌ಗೆ ಅರ್ಧ ಡಿಗ್ರಿ ಏರಗೊಡುವ ಸಾಧಾರಣ ಕೂಲರ್ ಇದೆ ಎಂದುಕೊಳ್ಳೋಣ. 125 ವ್ಯಾಟ್ ಉರಿಸುವ ಪ್ರೊಸೆಸರ್ ಕೋಣೆಗಿಂತ ಸುಮಾರು 62 ಡಿಗ್ರಿ ಮೇಲೇರುತ್ತದೆ. ಕೋಣೆ 27 ಡಿಗ್ರಿ ಇದ್ದರೆ ಅದು 89ಕ್ಕೆ ನಿಲ್ಲುತ್ತದೆ. ಮೇ ತಿಂಗಳ ನಮ್ಮ 42 ಡಿಗ್ರಿಯಲ್ಲಿ ಅದೇ ಯಂತ್ರ 104 ಮುಟ್ಟಬೇಕು. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಚಿಪ್ಪುಗಳ ಮಿತಿ 100. ಮಿತಿ ಬಂದೊಡನೆ ಚಿಪ್ಪು ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ವೇಗವನ್ನು ಮಧ್ಯಾಹ್ನದ ಬಿಸಿಲು ಹೀಗೆ ಸದ್ದಿಲ್ಲದೆ ವಸೂಲಿ ಮಾಡುತ್ತದೆ. ಅದೇ ಕೂಲರ್ ಕೆಳಗೆ 60 ವ್ಯಾಟ್‌ನ ಚಿಪ್ಪು 72ರಲ್ಲಿ ನೆಮ್ಮದಿಯಾಗಿರುತ್ತದೆ. ಡಬ್ಬಿಯೊಳಗಿನ ಗಾಳಿ ಕೋಣೆಗಿಂತ ಬಿಸಿ, ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಳ್ಳುವ ನಮ್ಮ ಧೂಳು ಬೇರೆ. ಎರಡನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಪೆಟ್ಟಿಗೆಯ ಮೇಲಿನ ವ್ಯಾಟ್ ಪೂರ್ತಿ ನಿಜವನ್ನು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಐ5-13400ರ ಮೂಲ ಬಾಬ್ತು 65 ವ್ಯಾಟ್, ಟರ್ಬೊದಲ್ಲಿ (ಮೂಲ ವೇಗ ಮೀರಿ ಓಡುವಾಗ) ಅದು 148ರವರೆಗೆ ಏರಬಲ್ಲದು. ಮದರ್‌ಬೋರ್ಡಿನ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಅವಕಾಶ ಕೊಟ್ಟರೆ ಈ ಏರಿಕೆಗೆ ಕಡಿವಾಣ ಹಾಕಬಹುದು. ಕೊನೆಯ ಹಿಡಿಯಷ್ಟು ವೇಗ ಪಡೆಯಲು ವೋಲ್ಟೇಜ್ ಹೆಚ್ಚಿಸಬೇಕಾಗುತ್ತದೆ, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗದಂತೆ ಬೆಳೆಯುತ್ತದೆ. ಆದ್ದರಿಂದ ವ್ಯಾಟ್ ಕಡಿತಗೊಳಿಸಿದಷ್ಟು ವೇಗ ಕಡಿಮೆಯಾಗುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಹೆಸರಿನ ಕೊನೆಯ ಅಕ್ಷರವನ್ನೇ ಮೊದಲು ಓದಿ. ಐ7-1355ಯುನಲ್ಲಿ ದೊಡ್ಡ, ಅಂದರೆ ಹೆಚ್ಚು ಕಸುವಿನ ಕೋರ್‌ಗಳು ಎರಡೇ, ಮೂಲ ಬಾಬ್ತು 15 ವ್ಯಾಟ್. ಐ5-13500ಎಚ್‌ನಲ್ಲಿ ನಾಲ್ಕು, ಬಾಬ್ತು 45. ದೀರ್ಘ ಕೆಲಸಕ್ಕೆ ಇಲ್ಲಿ ಐ5 ಮುಂದು, ಬ್ಯಾಟರಿಯ ಬಾಳಿಕೆಗೆ ಐ7 ಮೇಲು. ಡೆಸ್ಕ್‌ಟಾಪ್‌ನ 'ಎಫ್' ಚಿಪ್ಪಿನಲ್ಲಿ ಪರದೆಗೆ ಚಿತ್ರ ಕಳಿಸುವ ಒಳಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಮ್‌ಡಿಯ ರೈಜನ್ 5 5600ರ ಕಥೆಯೂ ಇದೇ; ಒಳಗ್ರಾಫಿಕ್ಸ್ ಬೇಕೆನ್ನುವವರು 5600ಜಿ ಕೇಳಬೇಕು.

ಅಂಗಡಿಯಲ್ಲಿ ಹಣ ಎಣಿಸುವ ಮೊದಲು ಯಂತ್ರ ಹಚ್ಚಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರಿನ ಪೂರ್ತಿ ಹೆಸರನ್ನು ಅಂಕಿ, ಅಕ್ಷರಗಳ ಸಮೇತ ಬರೆದುಕೊಳ್ಳಿ. ಮಾಲೀಕರು ಒಪ್ಪಿದರೆ ಒಂದು ಭಾರದ ಕೆಲಸವನ್ನು ಕಾಲು ಗಂಟೆ ಓಡಿಸಿ. ಮೊದಲ ನಿಮಿಷದ ಗಿಗಾಹರ್ಟ್ಸನ್ನೂ ಹದಿನೈದನೇ ನಿಮಿಷದ್ದನ್ನೂ ಅಕ್ಕಪಕ್ಕ ಬರೆದು ನೋಡಿ. ಆ ಅಂಗಡಿಯಲ್ಲಿ ಎಸಿ ಇದ್ದರೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.