ಸುಮ್ಮನಿರುವ ಟೂಲ್ ಬೇಡ: ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್‌ಗೆ ಓಪನ್ ಸೋರ್ಸ್ ಸಾಧನ ಆರಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಇಲ್ಲಿ ಸಣ್ಣ ಸಣ್ಣ ಸಾಫ್ಟ್‌ವೇರ್ ಘಟಕ ನಡೆಸುವ ಗೆಳೆಯರಿಗೆ, ಹಿರಿಯರಿಗೆ ನಮಸ್ಕಾರ.

ಕೋಡ್‌ನಿಂದ ಡಾಕ್ಯುಮೆಂಟೇಶನ್, ಅಂದರೆ ವಿವರಣೆಯ ಪುಟಗಳನ್ನು, ತೆಗೆಯುವ ಟೂಲ್ ಆರಿಸಲು ಕುಳಿತವರು ಮೊದಲು ನೋಡುವುದು ಪುಟದ ಅಂದ. ಥೀಮ್ ಹೇಗಿದೆ, ಮೊಬೈಲ್‌ನಲ್ಲಿ ಹೇಗೆ ಕಾಣುತ್ತದೆ, ಡಾರ್ಕ್ ಮೋಡ್ ಇದೆಯೋ ಇಲ್ಲವೋ. ಅದೆಲ್ಲ ಆಮೇಲೆ ನೋಡೋಣ. ಕೋಡ್ ಒಂದು ಹೇಳಿ, ಅದರ ಮೇಲೆ ಬರೆದಿಟ್ಟ ವಿವರಣೆ, ಅಂದರೆ ಕಮೆಂಟ್, ಇನ್ನೊಂದು ಹೇಳುವಾಗ ಈ ಟೂಲ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಿರಿ. ಸುಮ್ಮನೆ ಚಂದದ ಪುಟ ಮಾಡಿಕೊಟ್ಟರೆ ಅದರಿಂದ ಓದುಗನಿಗೆ ನಷ್ಟ. ಬಿಲ್ಡ್ (ಪುಟ ತಯಾರಿಸುವ ಓಟ) ನಿಲ್ಲಿಸಿ ತಪ್ಪು ತೋರಿಸಿದರೆ ಅಂಥದ್ದನ್ನು ಇಟ್ಟುಕೊಳ್ಳಿ.

ಅಮರಗೋಳದ ಎಪಿಎಂಸಿಯ ಒಂದು ಅಡತಿ ಅಂಗಡಿಗೆ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೆಣಸಿನಕಾಯಿ ಚೀಲಗಳು ಕಾಟಾ ಏರುತ್ತವೆ. ಒಟ್ಟು ತೂಕದಿಂದ ಖಾಲಿ ಚೀಲಗಳ ತೂಕ ಕಳೆದು ನಿವ್ವಳ ತೂಕ ಕೊಡುವ ಫಂಕ್ಷನ್ ಒಂದಿದೆ. ಅದಕ್ಕೆ ಒಟ್ಟು ತೂಕ, ಚೀಲಗಳ ಸಂಖ್ಯೆ, ಒಂದು ಚೀಲದ ತೂಕ ಎಂಬ ಮೂರು ಪ್ಯಾರಾಮೀಟರ್. ಯಾವ ಟೂಲ್ ಹಾಕಿದರೂ ಫಂಕ್ಷನ್ ಹೆಸರು, ಮೂರು ಪ್ಯಾರಾಮೀಟರ್, ಅವುಗಳ ಟೈಪ್ ಅಚ್ಚಾಗಿ ಬರುತ್ತವೆ. ಆದರೆ ತೂಕ ಕಿಲೋದಲ್ಲೋ ಕ್ವಿಂಟಲ್‌ನಲ್ಲೋ? ಟೂಲ್‌ಗೆ ಎರಡೂ ಬರೀ ದಶಮಾಂಶ ಸಂಖ್ಯೆ. ಅದನ್ನು ಬರೆದವನೇ ಕಮೆಂಟ್‌ನಲ್ಲಿ ಹೇಳಬೇಕು. ಆರು ತಿಂಗಳ ನಂತರ ಇನ್ನೊಬ್ಬರು ಬಂದು ಉತ್ತರ ಕ್ವಿಂಟಲ್‌ನಲ್ಲಿ ಬರುವಂತೆ ಬದಲಿಸುತ್ತಾರೆ, ಕಮೆಂಟ್ ಮಾತ್ರ ಕಿಲೋ ಎಂದೇ ಉಳಿಯುತ್ತದೆ. ಅದನ್ನು ನಂಬಿ ಪಟ್ಟಿ ಮಾಡಿದರೆ ರೈತನ ಲೆಕ್ಕ ನೂರು ಪಟ್ಟು ತಪ್ಪುತ್ತದೆ.

ಇದಕ್ಕೆ ಪೈಥಾನ್‌ನಲ್ಲಿ ಒಳ್ಳೆಯ ಮದ್ದು ಡಾಕ್‌ಟೆಸ್ಟ್. ಫಂಕ್ಷನ್‌ನ ವಿವರಣೆ ಬರೆಯುವ ಡಾಕ್‌ಸ್ಟ್ರಿಂಗ್ ಒಳಗೇ ಒಂದು ಉದಾಹರಣೆ ಬರೆಯಿರಿ: ಒಟ್ಟು 1040 ಕಿಲೋ, 20 ಚೀಲ, ಚೀಲಕ್ಕೆ 1 ಕಿಲೋ, ಉತ್ತರ 1020. ಪೈಥಾನ್‌ನವರ ಡಾಕ್ಯುಮೆಂಟೇಶನ್ ಟೂಲ್ ಸ್ಫಿಂಕ್ಸ್‌ನ ಡಾಕ್‌ಟೆಸ್ಟ್ ಬಿಲ್ಡರ್ ಆ ಸಾಲನ್ನು ನಿಜವಾಗಿ ಓಡಿಸಿ ನೋಡುತ್ತದೆ. ಯಾರೋ ಕ್ವಿಂಟಲ್‌ಗೆ ಬದಲಿಸಿದ ದಿನ 10.2 ಬಂದು ಟೆಸ್ಟ್ ಬೀಳುತ್ತದೆ. ಒಂದು ಎಚ್ಚರಿಕೆ: ಇದು ಉತ್ತರವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೀವು 1020 ಎಂದು ಬರೆದು ಫಂಕ್ಷನ್ 1020.0 ಕೊಟ್ಟರೂ ಫೇಲ್. ರಸ್ಟ್ ಬಳಸುವವರಿಗೆ ರಸ್ಟ್‌ಡಾಕ್ ಇದೇ ಕೆಲಸ ಮಾಡುತ್ತದೆ. ಲೈಬ್ರರಿಯ ಕಮೆಂಟ್‌ಗಳಲ್ಲಿರುವ ಉದಾಹರಣೆಗಳು ಕಾರ್ಗೋ ಟೆಸ್ಟ್ ಎಂಬ ಪರೀಕ್ಷೆಯ ಕಮಾಂಡ್ ಜೊತೆಗೇ ಓಡುತ್ತವೆ. ಸಿ, ಸಿ++ ಬರೆಯುವವರ ಟೂಲ್ ಡಾಕ್ಸಿಜನ್‌ನಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಉದಾಹರಣೆಯನ್ನು ಬೇರೆ ಫೈಲ್‌ನಲ್ಲಿ ಬರೆದು, ಟೆಸ್ಟ್‌ಗಳ ಜೊತೆ ಕಂಪೈಲ್ ಮಾಡಿ, ಸ್ನಿಪೆಟ್ ಕಮಾಂಡ್ ಮೂಲಕ ಪುಟಕ್ಕೆ ಎಳೆದುಕೊಳ್ಳಬೇಕು.

ಅರ್ಧ ಆಯ್ಕೆಯನ್ನು ನಿಮ್ಮ ಪ್ರೋಗ್ರಾಮಿಂಗ್ ಭಾಷೆಯೇ ಮಾಡಿಬಿಡುತ್ತದೆ. ಜಾವಾಕ್ಕೆ ಜಾವಾಡಾಕ್, ಟೈಪ್‌ಸ್ಕ್ರಿಪ್ಟ್‌ಗೆ ಟೈಪ್‌ಡಾಕ್, ಸಿ ಮತ್ತು ಸಿ++ಗೆ ಡಾಕ್ಸಿಜನ್, ಪೈಥಾನ್‌ಗೆ ಸ್ಫಿಂಕ್ಸ್ ಇಲ್ಲವೇ ಎಂಕೆಡಾಕ್ಸ್. ನಮ್ಮ ಭಾಗದಲ್ಲಿ ಯಂತ್ರ, ಮೋಟಾರ್, ಕಂಟ್ರೋಲ್ ಪ್ಯಾನೆಲ್‌ಗಳಿಗೆ ಸಿ ಬರೆಯುವವರು ಇದ್ದಾರೆ. ಅದಕ್ಕೇ ಡಾಕ್ಸಿಜನ್ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ.

1997ರಿಂದ ಇರುವ ಟೂಲ್ ಇದು. ಮೈನಸ್ ಜಿ (-g) ಹಾಕಿ ಓಡಿಸಿದರೆ ಡಾಕ್ಸಿಫೈಲ್ ಎಂಬ ಸೆಟ್ಟಿಂಗ್ ಫೈಲ್ ಹುಟ್ಟುತ್ತದೆ. ಹೊಸಬರು ಒಂದೇ ಜಾಗದಲ್ಲಿ ಎಡವುತ್ತಾರೆ: ಸಿ ಫಂಕ್ಷನ್‌ಗಳ ಮೇಲೆ ಚೆನ್ನಾಗಿ ಕಮೆಂಟ್ ಬರೆದಿದ್ದರೂ ಪುಟ ಖಾಲಿ. ಕಾರಣ, ಕ್ಲಾಸ್ ಒಳಗಿಲ್ಲದ ಫಂಕ್ಷನ್ ಪುಟಕ್ಕೆ ಬರಬೇಕಾದರೆ ಅದಿರುವ ಫೈಲ್‌ಗೂ ಒಂದು ಕಮೆಂಟ್ ಬೇಕು. ಫೈಲ್‌ನ ತಲೆಯಲ್ಲಿ ಆಟ್-ಫೈಲ್ (@file) ಎಂಬ ಒಂದು ಕಮೆಂಟ್ ಸಾಲು ಹಾಕಿದರೆ ಮುಗಿಯಿತು. ಅದು ಗೊತ್ತಿಲ್ಲದವರು ಎಕ್ಸ್‌ಟ್ರಾಕ್ಟ್-ಆಲ್ ಎಂಬ ಸೆಟ್ಟಿಂಗ್‌ಗೆ ಯೆಸ್ ಕೊಟ್ಟುಬಿಡುತ್ತಾರೆ. ಪುಟ ತುಂಬುತ್ತದೆ, ಸಮಾಧಾನವೂ ಆಗುತ್ತದೆ. ಆದರೆ ಆ ಸೆಟ್ಟಿಂಗ್ ಹಾಕಿದ ಕ್ಷಣವೇ ‘ಇದಕ್ಕೆ ವಿವರಣೆ ಇಲ್ಲ’ ಎಂಬ ವಾರ್ನಿಂಗ್‌ಗಳು ಬಂದ್ ಆಗುತ್ತವೆ. ಟೂಲ್‌ನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಅದನ್ನು ನೋ ಎಂದೇ ಬಿಡಿ. ವಾರ್ನ್-ಆ್ಯಸ್-ಎರರ್ ಎಂಬ ಸೆಟ್ಟಿಂಗ್‌ಗೆ ಫೇಲ್-ಆನ್-ವಾರ್ನಿಂಗ್ಸ್ ಎಂದು ಕೊಡಿ; ಎಲ್ಲ ತಪ್ಪುಗಳನ್ನೂ ಒಮ್ಮೆಲೇ ತೋರಿಸಿ ಕೊನೆಗೆ ಬಿಲ್ಡ್ ಕೆಡವುತ್ತದೆ. ಫೋಲ್ಡರ್ ಒಳಗಿನ ಫೋಲ್ಡರ್‌ಗಳನ್ನೂ ಓದಬೇಕಿದ್ದರೆ ರಿಕರ್ಸಿವ್ ಎಂಬ ಸೆಟ್ಟಿಂಗ್ ಯೆಸ್ ಮಾಡಿ, ಮೊದಲಿಗೆ ಅದು ನೋ ಇರುತ್ತದೆ.

ಜಾವಾಡಾಕ್‌ನಲ್ಲೂ ಇದೇ ಕತೆ. ಜೆಡಿಕೆ (ಜಾವಾ ಬರೆಯುವವರ ಕಿಟ್) 8ರಿಂದ ಡಾಕ್‌ಲಿಂಟ್ ಎಂಬ ತಪಾಸಣೆ ಬಂತು; ಇಲ್ಲದ ಪ್ಯಾರಾಮೀಟರ್ ಹೆಸರನ್ನು ಕಮೆಂಟ್‌ನಲ್ಲಿ ಬರೆದರೆ ಅದು ಎರರ್ ಕೊಡುತ್ತದೆ. ಕಿರಿಕಿರಿ ಎಂದು ಅದನ್ನು ಆಫ್ ಮಾಡುವ ಆಪ್ಶನ್ ಹುಡುಕಬೇಡಿ, ತಪ್ಪು ತಿದ್ದಿ. ಕನ್ನಡದಲ್ಲಿ ಕಮೆಂಟ್ ಬರೆಯುವವರು, ವಿಂಡೋಸ್‌ನಲ್ಲಿ ಜೆಡಿಕೆ 18ಕ್ಕಿಂತ ಹಳೆಯದನ್ನು ಬಳಸುತ್ತಿದ್ದರೆ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೈಯಾರೆ ಕೊಡಬೇಕು. ಇಲ್ಲದಿದ್ದರೆ ಅಕ್ಷರ ಚೆಲ್ಲಾಪಿಲ್ಲಿ.

ಸ್ಫಿಂಕ್ಸ್ ಹುಟ್ಟಿದ್ದು 2008ರಲ್ಲಿ, ಪೈಥಾನ್ ಭಾಷೆಯ ಸ್ವಂತ ಡಾಕ್ಯುಮೆಂಟೇಶನ್‌ಗಾಗಿ. ಕೋಡ್‌ನಿಂದ ವಿವರಣೆ ಎತ್ತಿಕೊಳ್ಳುವ ಅದರ ಭಾಗ ಆಟೋಡಾಕ್ ನಿಮ್ಮ ಕೋಡ್ ಅನ್ನು ಬರೀ ಓದುವುದಿಲ್ಲ, ಇಂಪೋರ್ಟ್ ಮಾಡುತ್ತದೆ, ಅಂದರೆ ಫೈಲ್ ಅನ್ನು ಓಡಿಸುತ್ತದೆ. ಇದರಿಂದ ಎರಡು ಪೀಡೆ. ಫೈಲ್‌ನ ಮೇಲ್ಮಟ್ಟದಲ್ಲೇ ಡೇಟಾಬೇಸ್‌ಗೆ ಸಂಪರ್ಕ ಮಾಡುವ ಸಾಲಿದ್ದರೆ, ಬಿಲ್ಡ್ ಮಾಡುವಾಗ ಅದೂ ಓಡುತ್ತದೆ. ಇನ್ನೊಂದು, ಬಿಲ್ಡ್ ಮಾಡುವ ಕಂಪ್ಯೂಟರ್‌ನಲ್ಲಿ ಕಾಟಾ ಓದುವ ಸೀರಿಯಲ್ ಪೋರ್ಟ್ ಲೈಬ್ರರಿ ಇಲ್ಲದಿದ್ದರೆ ಇಂಪೋರ್ಟ್ ಸೋಲುತ್ತದೆ, ಆ ಮಾಡ್ಯೂಲ್‌ನ ವಿವರವೇ ಪುಟದಲ್ಲಿ ಇರುವುದಿಲ್ಲ. ಆದರೂ ಕೊನೆಯ ಸಾಲು ‘ಬಿಲ್ಡ್ ಸಕ್ಸೀಡೆಡ್’ ಎಂದೇ ಬರುತ್ತದೆ, ಪಕ್ಕದಲ್ಲಿ ಒಂದು ವಾರ್ನಿಂಗ್ ಎಂಬ ಸಣ್ಣ ಮಾತಿನೊಂದಿಗೆ. ಮೈನಸ್ ದೊಡ್ಡ ಡಬ್ಲ್ಯೂ (-W) ಹಾಕಿದರೆ ಮಾತ್ರ ಆ ವಾರ್ನಿಂಗ್ ಎರರ್ ಆಗುತ್ತದೆ. ಆ ಲೈಬ್ರರಿಯ ಹೆಸರನ್ನು ಆಟೋಡಾಕ್-ಮಾಕ್-ಇಂಪೋರ್ಟ್ಸ್ ಪಟ್ಟಿಗೆ ಸೇರಿಸಿದರೆ ಇಂಪೋರ್ಟ್ ತೊಡಕು ನೀಗುತ್ತದೆ. ಎಂಕೆಡಾಕ್ಸ್ ಜೊತೆ ಬಳಸುವ ಎಂಕೆಡಾಕ್‌ಸ್ಟ್ರಿಂಗ್ಸ್ ಪ್ಲಗಿನ್ ಪೈಥಾನ್ ಕೋಡ್ ಅನ್ನು ಸಾಮಾನ್ಯವಾಗಿ ಓಡಿಸದೆ ಓದುತ್ತದೆ. ಹಾರ್ಡ್‌ವೇರ್ ಜೊತೆ ಮಾತಾಡುವ ಕೋಡ್ ಇದ್ದವರಿಗೆ ಇದು ದೊಡ್ಡ ಅನುಕೂಲ.

ಕನ್ನಡದಲ್ಲಿ ಕೈಪಿಡಿ ಬರೆಯುವವರು ಈಗ ಸ್ವಲ್ಪ ಲಕ್ಷ್ಯ ಕೊಡಬೇಕು. ಸ್ಫಿಂಕ್ಸ್‌ನಲ್ಲಿ ಶೀರ್ಷಿಕೆ ಬರೆದು ಅದರ ಕೆಳಗೆ ಸಮ ಚಿಹ್ನೆಗಳ ಗೆರೆ ಎಳೆಯುತ್ತೇವೆ. ‘ಸ್ಥಾಪನೆ’ ಎಂಬ ಪದ ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತ: ಸಕಾರ, ವಿರಾಮ, ಥಕಾರ, ದೀರ್ಘ, ಪಕಾರ, ನಕಾರ, ಎತ್ವ. ಮೂರಕ್ಷರಕ್ಕೆ ಮೂರು ಚಿಹ್ನೆ ಹಾಕಿದಿರೋ, ಗೆರೆ ತೀರಾ ಗಿಡ್ಡ ಎಂದು ಅದು ಶೀರ್ಷಿಕೆಯೇ ಅಲ್ಲವೆಂದು ಎಣಿಸುತ್ತದೆ. ಪದವೂ ಚಿಹ್ನೆಯೂ ಸೇರಿ ಸಾಮಾನ್ಯ ಪ್ಯಾರಾ ಆಗುತ್ತವೆ, ವಾರ್ನಿಂಗ್ ಸಹ ಬರುವುದಿಲ್ಲ. ನಾಲ್ಕೋ ಐದೋ ಹಾಕಿದರೆ ‘ಗೆರೆ ಗಿಡ್ಡವಾಯಿತು’ ಎಂಬ ವಾರ್ನಿಂಗಾದರೂ ಬರುತ್ತದೆ. ಎಣಿಸುತ್ತ ಕೂರಬೇಡಿ, ಎಲ್ಲ ಶೀರ್ಷಿಕೆಗೂ ಕಣ್ಣುಮುಚ್ಚಿ ಐವತ್ತು ಚಿಹ್ನೆ ಹಾಕಿ. ಗೆರೆ ಉದ್ದವಾದರೆ ತೊಂದರೆ ಇಲ್ಲ.

ಎಂಕೆಡಾಕ್ಸ್‌ನಲ್ಲಿ ತೊಡಕು ಬೇರೆ ತರಹದ್ದು. ಶೀರ್ಷಿಕೆಯಿಂದ ಲಿಂಕ್ ವಿಳಾಸ ಮಾಡುವಾಗ ಅದು ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಉದುರಿಸಿಬಿಡುತ್ತದೆ. ಪೂರ್ತಿ ಕನ್ನಡದ ಶೀರ್ಷಿಕೆಗಳಿಗೆ ಉಳಿಯುವುದು ಅಂಡರ್‌ಸ್ಕೋರ್ 1, ಅಂಡರ್‌ಸ್ಕೋರ್ 2 ಅಷ್ಟೇ. ನಡುವೆ ಒಂದು ಹೊಸ ಶೀರ್ಷಿಕೆ ಸೇರಿಸಿದಿರೋ, ಕೆಳಗಿನ ಸಂಖ್ಯೆಗಳೆಲ್ಲ ಒಂದೊಂದು ಮುಂದೆ ಜರುಗುತ್ತವೆ. ಹಳೆಯ ಲಿಂಕ್ ಒತ್ತಿದವರು ಬೇರೆ ವಿಷಯಕ್ಕೆ ಹೋಗಿ ನಿಲ್ಲುತ್ತಾರೆ. ವಾರ್ನಿಂಗ್ ಬಂದರೆ ಬಿಲ್ಡ್ ಕೆಡವುವ ಸ್ಟ್ರಿಕ್ಟ್ ಆಪ್ಶನ್ ಹಾಕಿದರೂ ಈ ತಪ್ಪು ಸಿಗುವುದಿಲ್ಲ, ಏಕೆಂದರೆ ಆ ವಿಳಾಸ ಇದ್ದೇ ಇದೆ, ಅರ್ಥ ಮಾತ್ರ ಬದಲಾಗಿದೆ. ಆಟ್ರ್-ಲಿಸ್ಟ್ ಎಕ್ಸ್‌ಟೆನ್ಶನ್ ಆನ್ ಮಾಡಿ, ಪ್ರತಿ ಶೀರ್ಷಿಕೆಗೂ ಇಂಗ್ಲಿಷ್ ಅಕ್ಷರದ ಐಡಿಯನ್ನು ನೀವೇ ಬರೆದುಕೊಡಿ.

ಪಿಡಿಎಫ್ ಬೇಕಿದ್ದರೆ ಸ್ಫಿಂಕ್ಸ್‌ನಲ್ಲಿ ಪಿಡಿಎಫ್ ಪುಟ ಜೋಡಿಸುವ ಲೇಟೆಕ್ಸ್ ಎಂಜಿನ್ ಅನ್ನು ಝೀಲೇಟೆಕ್ಸ್‌ಗೆ ಬದಲಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಹೆಸರು ಕೊಡಿ. ಮೊದಲೇ ಇರುವ ಪಿಡಿಎಫ್‌ಲೇಟೆಕ್ಸ್‌ನಿಂದ ಕನ್ನಡ ಮೂಡುವುದಿಲ್ಲ. ಲೈಸೆನ್ಸ್ ಬಗ್ಗೆ ಅಂಜಿಕೆ ಬೇಡ. ಡಾಕ್ಸಿಜನ್ ಜಿಪಿಎಲ್ (ಅದರ ಕೋಡ್ ಬದಲಿಸಿ ಹಂಚಿದರೆ ಅದೇ ಲೈಸೆನ್ಸ್ ಇರಬೇಕೆಂಬ ಷರತ್ತಿನದು) ಅಡಿಯಲ್ಲಿದ್ದರೂ ಅದರಿಂದ ತೆಗೆದ ಪುಟಗಳಿಗೆ ಆ ಷರತ್ತು ತಾಗುವುದಿಲ್ಲ. ಸ್ಫಿಂಕ್ಸ್, ಎಂಕೆಡಾಕ್ಸ್ ಎರಡೂ ಸಡಿಲ ಷರತ್ತಿನ ಬಿಎಸ್‌ಡಿ. ಡಾಕ್ಯುಸಾರಸ್ ಎಂಬ ಇನ್ನೊಂದು ಟೂಲ್‌ನದು ಅಂಥದೇ ಎಂಐಟಿ ಲೈಸೆನ್ಸ್, ಅದು ಕೈಪಿಡಿ ಪುಟಗಳಿಗೆ ಚಲೋ, ಆದರೆ ತಾನಾಗಿ ಕೋಡ್ ಓದುವುದಿಲ್ಲ, ಅದಕ್ಕೆ ಬೇರೆ ಪ್ಲಗಿನ್ ಜೋಡಿಸಬೇಕು.

ಇನ್ನು ಪರೀಕ್ಷೆ. ನಿಮ್ಮ ಪ್ರಾಜೆಕ್ಟ್‌ನಿಂದ ಮೂರು ಫೈಲ್ ತೆಗೆದುಕೊಂಡು, ಬೇಕೆಂದೇ ನಾಲ್ಕು ಕಡೆ ಕೆಡಿಸಿ. ಕಮೆಂಟ್‌ನಲ್ಲಿ ಒಂದು ಪ್ಯಾರಾಮೀಟರ್ ಹೆಸರು ತಪ್ಪಿಸಿ. ಇನ್ನೊಂದು ಪುಟಕ್ಕೆ ಹೋಗುವ ಲಿಂಕ್ ಮುರಿಯಿರಿ. ಒಂದು ಲೈಬ್ರರಿ ಅನ್‌ಇನ್‌ಸ್ಟಾಲ್ ಮಾಡಿ. ಉದಾಹರಣೆಯ ಉತ್ತರವನ್ನು ಬದಲಿಸಿ. ಒಂದೊಂದನ್ನೇ ಕೆಡಿಸಿ, ಟೂಲ್ ಓಡಿಸಿ, ಎಕ್ಸಿಟ್ ಕೋಡ್ (ಓಟ ಮುಗಿದಾಗ ಟೂಲ್ ಕೊಡುವ ಸಂಖ್ಯೆ) ನೋಡಿ. ಸೊನ್ನೆ ಬಂದರೆ ಅದಕ್ಕೆ ತಪ್ಪು ಕಾಣಲಿಲ್ಲ ಎಂದರ್ಥ. ಕಾಣಿಸುವ ಸೆಟ್ಟಿಂಗ್ ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಮುಂದಿನ ಟೂಲ್‌ಗೆ ಹೋಗಿ. ಲೈಬ್ರರಿ ಇಲ್ಲದೆಯೇ ಓದುವ ಟೂಲ್‌ಗೆ ಮೂರನೆಯದರಲ್ಲಿ ಸೊನ್ನೆ ಬಂದರೆ ಅದು ಸರಿಯೇ. ಒಂದು ಸಂಜೆಯ ಕೆಲಸ. ಥೀಮ್ ಆರಿಸುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.