ಮೂರು ಜೋಡಿ, ಎರಡು ಬಸಿರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಅಮೆರಿಕನ್ ಸಂಗೀತ ನಾಟಕದ ಬಗ್ಗೆ ಮಾತಾಡೋಣ. ಹೆಸರು 'ಬೇಬಿ'. ಹೆಸರು ಕೇಳಿ ತೊಟ್ಟಿಲು, ಜೋಗುಳ ಅಂದುಕೊಳ್ಳಬೇಡಿ. ಮಗು ಹುಟ್ಟುವುದು ನಾಟಕದ ಕೊನೆಯಲ್ಲಿ. ಅಲ್ಲಿಯವರೆಗೆ ರಂಗದ ಮೇಲೆ ಇರುವವರು ಮಗುವಿಗಾಗಿ ಕಾಯುವ, ಹೆದರುವ, ನಡುನಡುವೆ ಜಗಳವಾಡುವ ದೊಡ್ಡವರು.

1983ರ ಡಿಸೆಂಬರ್ 4ರಂದು ಇದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಅಂದರೆ ಅಲ್ಲಿನ ದೊಡ್ಡ ವೃತ್ತಿ ರಂಗಮಂದಿರಗಳ ಸಾಲಿನಲ್ಲಿ, ಶುರುವಾಯಿತು. ಸಂಗೀತ ಡೇವಿಡ್ ಶೈರ್ ಅವರದು. ಹಾಡು ಬರೆದವರು ರಿಚರ್ಡ್ ಮಾಲ್ಟ್‌ಬಿ, ನಿರ್ದೇಶನವೂ ಅವರದೇ. ಮಾತು ಬರೆದವರು ಸಿಬಿಲ್ ಪಿಯರ್ಸನ್. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ ಏಳು ವಿಭಾಗಗಳಲ್ಲಿ ಹೆಸರು ಬಂತು, ಒಂದೂ ಕೈಗೆ ಸಿಗಲಿಲ್ಲ. 241 ಪ್ರಯೋಗಕ್ಕೆ ನಿಂತುಹೋಯಿತು. ಅಲ್ಲಿ ವಾರಕ್ಕೆ ಎಂಟು ಪ್ರಯೋಗ ಲೆಕ್ಕ, ಅಂದರೆ ಬಸುರಿನ ನಾಟಕಕ್ಕೇ ಒಂಬತ್ತು ತಿಂಗಳು ತುಂಬಲಿಲ್ಲ!

ಆದರೆ ನಾಟಕ ಸಾಯಲಿಲ್ಲ. ಅದನ್ನು ಎತ್ತಿಕೊಂಡವರು ಸಣ್ಣಪುಟ್ಟ ಊರುಗಳ ತಂಡಗಳು. ಅಮೆರಿಕದಲ್ಲಿ ಇವನ್ನು ಕಮ್ಯುನಿಟಿ ಥಿಯೇಟರ್ ಅಂತಾರೆ. ನಮ್ಮ ಹವ್ಯಾಸಿ ತಂಡಗಳ ಹಾಗೇ, ಹಗಲು ಬ್ಯಾಂಕಲ್ಲೋ ಶಾಲೆಯಲ್ಲೋ ಕೆಲಸ, ಸಂಜೆ ಚರ್ಚಿನ ಹಾಲಿನಲ್ಲಿ ತಾಲೀಮು, ಸಂಬಳ ಇಲ್ಲ, ಸೆಟ್ಟಿಗೆ ಮೊಳೆ ಹೊಡೆಯುವುದೂ ಅವರೇ. ಇಂಥವರಿಗೆ ಈ ನಾಟಕ ಹೇಳಿ ಮಾಡಿಸಿದ ಹಾಗಿದೆ. ಅರಮನೆ ಇಲ್ಲ, ದೊಡ್ಡ ಕುಣಿತದ ಪಡೆ ಬೇಕಿಲ್ಲ. ಮುಖ್ಯ ಪಾತ್ರ ಆರೇ ಆರು. ಅದಕ್ಕಿಂತ ಮುಖ್ಯ, ಇಪ್ಪತ್ತರ ಆಸುಪಾಸಿನವರು, ಮೂವತ್ತು ದಾಟಿದವರು, ನಲವತ್ತು ಮೀರಿದವರು ಎಲ್ಲರಿಗೂ ಒಂದೊಂದು ದೊಡ್ಡ ಪಾತ್ರ ಇದೆ. ನಲವತ್ತಾದ ಹೆಂಗಸಿಗೆ ಯಾರದೋ ತಾಯಿ ಆಗಿ ಮೂಲೆಯಲ್ಲಿ ನಿಲ್ಲುವುದಲ್ಲದೆ ಬೇರೆ ಕೆಲಸ ಕೊಡುವ ಸಂಗೀತ ನಾಟಕ ಎಷ್ಟಿವೆ ಹೇಳಿ?

ಕಥೆ ಒಂದು ಕಾಲೇಜು ಊರಿನದು. ಲಿಜ್ಜಿ ಮತ್ತು ಡ್ಯಾನಿ ಇನ್ನೂ ಓದುತ್ತಿರುವವರು, ಆಗತಾನೆ ಒಟ್ಟಿಗೆ ಮನೆ ಮಾಡಿದವರು. ಬಸುರಿ ಅಂತ ಗೊತ್ತಾದ ಕೂಡಲೇ ಅವನು ಮದುವೆ ಆಗೋಣ ಅಂತಾನೆ, ಅವಳು ಬೇಡ ಅಂತಾಳೆ. ದುಡ್ಡು ಬೇಕಲ್ಲ, ಅವನು ಒಂದು ಬ್ಯಾಂಡಿನ ಜೊತೆ ಬೇಸಿಗೆಯಲ್ಲಿ ಊರೂರು ಸುತ್ತಲು ಹೋಗುತ್ತಾನೆ. ಅವಳು ಒಬ್ಬಳೇ ಹೊಟ್ಟೆ ಹೊತ್ತು ಹೊರಗೆ ಬಂದರೆ, ಗುರುತು ಪರಿಚಯ ಇಲ್ಲದ ಹೆಂಗಸರೆಲ್ಲ ಸುತ್ತ ಸೇರಿ, ಹೊಟ್ಟೆ ಮುಟ್ಟಿ, ತಮ್ಮ ತಮ್ಮ ಹೆರಿಗೆಯ ಭಯಂಕರ ಕಥೆಗಳನ್ನು ಹಾಡಿನಲ್ಲೇ ಹೇಳುತ್ತಾರೆ. ನಗು ತಡೆಯುವುದಕ್ಕಾಗುವುದಿಲ್ಲ. ಆ ಕೆಲಸದಲ್ಲಿ ನಾವೇ ಮುಂದು ಅಂದುಕೊಂಡಿದ್ದೆ ನಾನು, ಇಲ್ಲ, ಅವರೂ ಏನು ಕಡಿಮೆ ಇಲ್ಲ. ಊರಿನ ತಂಡ ಆಡುವಾಗ ಇದರ ಮಜವೇ ಬೇರೆ, ಯಾಕಂದರೆ ಹಾಡುತ್ತಿರುವವರು ನಿಜಕ್ಕೂ ಹೆತ್ತವರು, ಮತ್ತೆ ಕೇಳಲು ಬಂದವರು ಅವರ ನೆರೆಹೊರೆಯವರು.

ಮೊದಲ ಅಂಕ ಮುಗಿಯುವುದು ಹೊಟ್ಟೆಯಲ್ಲಿ ಮಗು ಮೊದಲ ಸಲ ಒದ್ದಾಗ ಲಿಜ್ಜಿ ಹಾಡುವ ಹಾಡಿನಿಂದ. ಬ್ರಾಡ್‌ವೇಯಲ್ಲಿ ಇದನ್ನು ಲಿಜ್ ಕ್ಯಾಲವೇ ಹಾಡಿದ್ದರು. ಇವತ್ತಿಗೂ ಆ ಪಾತ್ರಕ್ಕೆ ಹುಡುಗಿ ಸಿಗದಿದ್ದರೆ ನಾಟಕ ಎತ್ತಿಕೊಳ್ಳಬಾರದು, ಅಷ್ಟು ಏರು ಆ ಹಾಡು.

ನಲವತ್ತರ ಜೋಡಿ ಆರ್ಲೀನ್ ಮತ್ತು ಆಲನ್. ಮೂರು ಹೆಣ್ಣುಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಇನ್ನು ಮನೆ ನಮ್ಮಿಬ್ಬರದು ಅನ್ನುವಷ್ಟರಲ್ಲಿ ಆರ್ಲೀನ್‌ಗೆ ಮತ್ತೆ ಬಸಿರು. ಗಂಡನಿಗೆ ಖುಷಿಯೋ ಖುಷಿ. ಅವಳಿಗಲ್ಲ. ಹೆಂಡತಿಯನ್ನು ಪ್ರೀತಿಸುವುದಕ್ಕಿಂತ ಮಕ್ಕಳನ್ನು ಪ್ರೀತಿಸುವುದು ಸುಲಭ ಅಂತ ಆಲನ್ ಒಂದು ಕಡೆ ಹಾಡಿನಲ್ಲಿ ಒಪ್ಪಿಕೊಳ್ಳುತ್ತಾನೆ. ಸಭೆಯಲ್ಲಿ ಕೂತ ಎಷ್ಟು ಗಂಡಸರು ಆಗ ಕುರ್ಚಿಯಲ್ಲಿ ಸರಿದು ಕೂರುತ್ತಾರೋ!

ಇನ್ನು ನಡುವಿನ ಜೋಡಿ, ನನಗೆ ಇಡೀ ನಾಟಕದ ಜೀವ ಇವರೇ. ಪ್ಯಾಮ್ ಮತ್ತು ನಿಕ್, ಇಬ್ಬರೂ ಕ್ರೀಡಾ ಕೋಚ್‌ಗಳು, ಗಟ್ಟಿಮುಟ್ಟಾದವರು. ಮಗು ಬೇಕು ಅಂತ ನಿಜವಾಗಿ ಹಂಬಲಿಸುವವರು ಇವರೇ, ಆಗದಿರುವುದೂ ಇವರಿಗೇ. ಮೊದಲು ಡಾಕ್ಟರು ಬಸುರಿ ಅಂದುಬಿಟ್ಟು, ಆಮೇಲೆ ಅದು ತಪ್ಪಾಗಿತ್ತು ಅಂತಾರೆ. ಪರೀಕ್ಷೆ ಮಾಡಿದರೆ ತೊಂದರೆ ಇರುವುದು ನಿಕ್‌ನಲ್ಲಿ. 1983ರಲ್ಲಿ ಇದನ್ನು ರಂಗದ ಮೇಲೆ ಇಟ್ಟರು, ನಗಿಸುತ್ತಲೇ ಇಟ್ಟರು. ಡಾಕ್ಟರು ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಭಂಗಿಯಲ್ಲಿ ದಾಂಪತ್ಯ ನಡೆಸಬೇಕು ಅಂದರೆ ಪ್ರೀತಿ ಎಲ್ಲಿ ಉಳಿಯುತ್ತದೆ? ಮೊದಲು ನಗು ಬರುತ್ತದೆ, ಆಮೇಲೆ ಸಂಕಟ. ಮಕ್ಕಳಾಗದಿದ್ದರೆ ಮೊದಲು ಸೊಸೆಯ ಮುಖ ನೋಡುವ ನಮ್ಮ ಮನೆಗಳಲ್ಲಿ ಈ ಒಂದು ಎಳೆಯಾದರೂ ಕೇಳಿಸಬೇಕು ಅಂತ ನನ್ನ ಆಸೆ.

ಹಾಗಂತ ಯಾರು ಬೇಕಾದರೂ ಸುಮ್ನೆ ಎತ್ತಿ ಆಡುವ ಹಾಗಿಲ್ಲ. ಅಮೆರಿಕದಲ್ಲಿ ಪರವಾನಗಿ ಬೇಕು, ಸೀಟು ಎಷ್ಟು, ಟಿಕೆಟ್ ಎಷ್ಟು, ಪ್ರಯೋಗ ಎಷ್ಟು ನೋಡಿ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಸ್ವರಲಿಪಿಯ ಪುಸ್ತಕ ಬಾಡಿಗೆಗೆ ಬರುತ್ತದೆ. ಬಹಳ ವರ್ಷ ಅದರಲ್ಲಿ ಪೆನ್ಸಿಲ್ಲಿನಲ್ಲೇ ಗುರುತು ಹಾಕಬೇಕಿತ್ತು, ಮುಗಿದ ಮೇಲೆ ಅಳಿಸಿ ವಾಪಸ್ ಕಳಿಸಬೇಕಿತ್ತು. ಕೇಳದೆ ಮಾತಾಗಲಿ ಹಾಡಾಗಲಿ ಬದಲಿಸುವ ಹಾಗಿಲ್ಲ.

ಬರೆದವರು ಮಾತ್ರ ತಾವೇ ಆಗಾಗ ತಿದ್ದುತ್ತಾ ಬಂದಿದ್ದಾರೆ. ಈಚೆಗೆ ನ್ಯೂಯಾರ್ಕಿನಲ್ಲಿ ಒಂದು ಸಣ್ಣ ತಂಡ ಆಡಿದಾಗ ನಿಕ್ ಹೋಗಿ ನಿಕ್ಕಿ ಬಂದಳು, ನಡುವಿನ ಜೋಡಿ ಇಬ್ಬರು ಹೆಂಗಸರಾದರು. ಅವರಿಗೂ ಮಗುವಿನ ಆಸೆ ಇದೆ, ಅವರ ಕಥೆಯೂ ರಂಗಕ್ಕೆ ಬರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಂದರೆ ನನ್ನದು ಅಂತ ಒಬ್ಬ ಗಂಡಸು ಹೆಂಡತಿಯ ಮುಂದೆ ನಿಲ್ಲುವ ಆ ಘಳಿಗೆಗೆ ಅಲ್ಲಿ ಜಾಗ ಇಲ್ಲ. ನಾನು ಟಿಕೆಟ್ ಕೊಳ್ಳುವುದಾದರೆ ಹಳೆಯ ನಿಕ್ ಇರುವ ಪ್ರಯೋಗಕ್ಕೇ. ನಮಸ್ಕಾರ.